ಇರುವೆಯ ಐವತ್ತು ಪಟ್ಟು, ಹಮಾಲರ ಎಪ್ಪತ್ತೈದು ಕಿಲೋ

ಪ್ರಶ್ನೆ: ನಾನು ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ಏಳನೇ ತರಗತಿಯಲ್ಲಿ ಓದುವ ನನ್ನ ಮಗಳು, ಇರುವೆ ತನ್ನ ತೂಕದ ಐವತ್ತು ಪಟ್ಟು ಭಾರ ಎತ್ತುತ್ತದೆ ಎಂದು ಎಲ್ಲೋ ಓದಿಕೊಂಡು ಬಂದು, ಮನುಷ್ಯರಿಗೆ ಏಕೆ ಆಗುವುದಿಲ್ಲ, ಆನೆಗಾದರೂ ಆಗುತ್ತದೆಯೇ ಎಂದು ಕೇಳುತ್ತಿದ್ದಾಳೆ. ನಮ್ಮ ಗಿರಣಿಯ ಹಮಾಲರಲ್ಲಿ ಕೆಲವರು 55 ಕಿಲೋ ತೂಗುವುದೂ ಕಷ್ಟ. ಅವರೇ ದಿನವಿಡೀ 75 ಕಿಲೋ ಭತ್ತದ ಚೀಲ ಹೊರುತ್ತಾರೆ. ಜೀವಿಗಳು ತಮ್ಮ ತೂಕಕ್ಕಿಂತ ಹೆಚ್ಚು ಭಾರ ಎತ್ತಬಲ್ಲವೇ? ಎತ್ತಿದರೆ ದೇಹಕ್ಕೆ ಏನಾಗುತ್ತದೆ?

ಉತ್ತರ: ನಿಮ್ಮ ಮಗಳಿಗೆ ಮೊದಲು ಒಂದು ಮಾತಿನ ಉತ್ತರ ಕೊಡುವುದಾದರೆ, ಹೌದು, ಎತ್ತಬಲ್ಲವು. ಆದರೆ ಎಲ್ಲ ಜೀವಿಗಳಿಗೂ ಅದು ಸಾಧ್ಯವಿಲ್ಲ, ಸಾಧ್ಯವಿರುವ ಜೀವಿಗಳಿಗೂ ಎಲ್ಲ ಭಂಗಿಯಲ್ಲಿ ಸಾಧ್ಯವಿಲ್ಲ. ಇರುವೆ, ಜೀರುಂಡೆಗಳಂಥ ಸಣ್ಣ ಜೀವಿಗಳಿಗೆ ತಮ್ಮ ತೂಕದ ಹತ್ತಾರು ಪಟ್ಟು ಭಾರ ದಿನನಿತ್ಯದ ಕೆಲಸ. ಚೆನ್ನಾಗಿ ಪಳಗಿದ ಮನುಷ್ಯರು ತಮ್ಮ ತೂಕದ ಎರಡು ಪಟ್ಟನ್ನು, ತೀರ ಅಪರೂಪಕ್ಕೆ ಮೂರು ಪಟ್ಟನ್ನು ತಲೆಯ ಮೇಲಕ್ಕೆ ಎತ್ತಿದ್ದಾರೆ. ಆನೆಗೆ ತನ್ನ ತೂಕದಷ್ಟು ಭಾರವನ್ನು ಎತ್ತುವುದಾಗಲಿ ಹೊರುವುದಾಗಲಿ ಆಗದ ಮಾತು. ದೇಹ ದೊಡ್ಡದಾಗುತ್ತ ಹೋದಂತೆ ಈ ‘ಪಟ್ಟು’ ಇಳಿಯುತ್ತ ಹೋಗುವುದಕ್ಕೆ ಗಟ್ಟಿಯಾದ ಕಾರಣವಿದೆ. ಅದು ಇರುವೆಯ ಸಾಹಸಕ್ಕಿಂತ ಹೆಚ್ಚು ಕುತೂಹಲಕರವಾದದ್ದು ಎಂದು ನಾನು ತಿಳಿದಿದ್ದೇನೆ. ರಾಯಚೂರಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಪ್ರಾಣಿಶಾಸ್ತ್ರ ಪಾಠ ಹೇಳಿದ ನನಗೆ, ಪ್ರತಿ ವರ್ಷವೂ ಈ ಒಂದು ಪಾಠ ಹೇಳುವಾಗ ಸಂತೋಷವಾಗುತ್ತಿತ್ತು.

ಕಾರಣಕ್ಕೆ ಹೋಗುವ ಮುನ್ನ ಮಾತನ್ನು ಸ್ವಲ್ಪ ಬಿಗಿ ಮಾಡಿಕೊಳ್ಳಬೇಕು. ನಮ್ಮ ಭಾಷೆಯಲ್ಲಿ ಎತ್ತುವುದು, ಹೊರುವುದು, ಎಳೆಯುವುದು, ತಡೆದು ನಿಲ್ಲುವುದು ಎಂಬ ನಾಲ್ಕು ಬೇರೆ ಬೇರೆ ಕ್ರಿಯೆಗಳಿವೆ. ನೆಲದ ಮೇಲಿನ ಭಾರವನ್ನು ತನ್ನ ಬಲದಿಂದಲೇ ಮೇಲಕ್ಕೆ ತರುವುದು ಎತ್ತುವುದು. ಈಗಾಗಲೇ ಮೇಲಿರುವ ಭಾರವನ್ನು ಮೈಮೇಲೆ ಇರಿಸಿಕೊಂಡು ಸಾಗುವುದು ಹೊರುವುದು. ಎಳೆಯುವಾಗ ಭಾರವನ್ನು ನೆಲವೇ ಹೊತ್ತಿರುತ್ತದೆ, ಎಳೆಯುವವರು ಗೆಲ್ಲಬೇಕಾದದ್ದು ಘರ್ಷಣೆಯನ್ನು ಮಾತ್ರ. ತಡೆದು ನಿಲ್ಲುವಾಗ ಭಾರ ಚಲಿಸುವುದೇ ಇಲ್ಲ. ‘ಸಾವಿರ ಪಟ್ಟು’, ‘ಐದು ಸಾವಿರ ಪಟ್ಟು’ ಎಂದು ನಾವು ಓದುವ ಬೆರಗಿನ ಅಂಕಿಗಳಲ್ಲಿ ಬಹುಪಾಲು ಈ ನಾಲ್ಕನ್ನೂ ಒಂದೇ ಚೀಲಕ್ಕೆ ತುಂಬಿ ಹೇಳಿದವು. ಅಂಕಿ ಸುಳ್ಳಾಗಿರುವುದಿಲ್ಲ, ಕ್ರಿಯಾಪದ ತಪ್ಪಾಗಿರುತ್ತದೆ.

ಇನ್ನು ಬಲ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಇರುವೆಯ ಕಾಲಿನ ಸ್ನಾಯುವಾಗಲಿ, ಕಪ್ಪೆಯ ತೊಡೆಯ ಸ್ನಾಯುವಾಗಲಿ, ಹಮಾಲರ ತೋಳಿನ ಸ್ನಾಯುವಾಗಲಿ, ಒಳಗೆ ಕೆಲಸ ಮಾಡುವ ಯಂತ್ರ ಒಂದೇ: ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಬಗೆಯ ಪ್ರೋಟೀನ್ ಎಳೆಗಳು ಒಂದರ ಮೇಲೊಂದು ಜಾರಿ ಸ್ನಾಯುವನ್ನು ಕುಗ್ಗಿಸುತ್ತವೆ. ಸ್ನಾಯುವನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಮುಖದ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2ರಿಂದ 3 ಕಿಲೋ ಭಾರವನ್ನು ತಡೆಯುವಷ್ಟು ಬಲ ಹುಟ್ಟುತ್ತದೆ. ಏಡಿಯ ಕೊಂಡಿಯ ಸ್ನಾಯುವಿನಂಥ ಕೆಲವು ವಿಶೇಷ ಸ್ನಾಯುಗಳು ಇದಕ್ಕಿಂತ ಹಲವು ಪಟ್ಟು ಹೆಚ್ಚು ಬಲ ತೋರುತ್ತವೆ ಎಂಬುದನ್ನು ಬಿಟ್ಟರೆ, ಜೀವಲೋಕದಲ್ಲಿ ಈ ಅಳತೆ ಆಶ್ಚರ್ಯವಾಗುವಷ್ಟು ಸಮನಾಗಿದೆ. ಆದ್ದರಿಂದ ಇರುವೆಯ ಸ್ನಾಯುವಿನಲ್ಲಿ ನಮ್ಮಲ್ಲಿಲ್ಲದ ಯಾವುದೋ ಅದ್ಭುತ ದ್ರವ್ಯವಿದೆ ಎಂದು ಭಾವಿಸುವ ಅಗತ್ಯವಿಲ್ಲ. ಇಲ್ಲಿ ನೆನಪಿಡಬೇಕಾದದ್ದು, ಸ್ನಾಯುವಿನ ಬಲ ಅದರ ದಪ್ಪದ ಮುಖದ ವಿಸ್ತೀರ್ಣವನ್ನು ಅವಲಂಬಿಸುತ್ತದೆ. ದೇಹದ ತೂಕವಾದರೋ ಅದರ ಗಾತ್ರವನ್ನು, ಅಂದರೆ ಘನ ಅಳತೆಯನ್ನು ಅವಲಂಬಿಸುತ್ತದೆ. ಎರಡೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ.

ನಮ್ಮ ಭಾಗದವರಿಗೆ ಪರಿಚಿತವಾದ ಗ್ರಾನೈಟ್ ಕಲ್ಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಅಡಿ ಇರುವ ಗ್ರಾನೈಟ್ ತುಂಡು ಸರಿಸುಮಾರು 75 ಕಿಲೋ ತೂಗುತ್ತದೆ, ಅಂದರೆ ನಿಮ್ಮ ಒಂದು ಭತ್ತದ ಚೀಲದಷ್ಟು. ಈಗ ಮೂರೂ ಅಳತೆಗಳನ್ನು ಎರಡೆರಡು ಅಡಿ ಮಾಡಿ. ಕಲ್ಲು ನೆಲಕ್ಕೆ ಊರುವ ಮುಖ ಒಂದು ಚದರ ಅಡಿಯಿಂದ ನಾಲ್ಕು ಚದರ ಅಡಿಯಾಯಿತು. ತೂಕ 75 ಕಿಲೋದಿಂದ ಎಂಟು ಚೀಲದಷ್ಟು, ಅಂದರೆ ಸುಮಾರು 600 ಕಿಲೋ ಆಯಿತು. ಮುಖ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ಪ್ರಾಣಿಯ ದೇಹಕ್ಕೂ ಇದೇ ನಿಯಮ. ಆಕಾರ ಬದಲಾಗದೆ ಎರಡು ಪಟ್ಟು ಎತ್ತರವಾದ ಪ್ರಾಣಿಯ ಸ್ನಾಯುಬಲ ನಾಲ್ಕು ಪಟ್ಟಾಗುತ್ತದೆ, ಆದರೆ ಅದು ಹೊರಬೇಕಾದ ಸ್ವಂತ ಮೈಯೇ ಎಂಟು ಪಟ್ಟಾಗಿರುತ್ತದೆ. 1638ರಲ್ಲಿ ಪ್ರಕಟವಾದ ತನ್ನ ಕೊನೆಯ ಗ್ರಂಥದಲ್ಲಿ ಗೆಲಿಲಿಯೋ ಈ ವಿಷಯವನ್ನು ವಿವರಿಸುತ್ತ, ಚಿಕ್ಕ ನಾಯಿಯೊಂದು ತನ್ನಷ್ಟೇ ಗಾತ್ರದ ಎರಡು ಮೂರು ನಾಯಿಗಳನ್ನು ಬೆನ್ನ ಮೇಲೆ ಹೊರಬಹುದು, ಕುದುರೆ ತನ್ನಷ್ಟೇ ಗಾತ್ರದ ಒಂದು ಕುದುರೆಯನ್ನೂ ಹೊರುವುದು ಅನುಮಾನ ಎಂಬ ಅರ್ಥದ ಮಾತು ಬರೆದಿದ್ದಾನೆ. ಸುಮಾರು ನಾನೂರು ವರ್ಷಗಳ ನಂತರವೂ ನಿಮ್ಮ ಮಗಳ ಪ್ರಶ್ನೆಗೆ ಅದಕ್ಕಿಂತ ಚೊಕ್ಕವಾದ ಉತ್ತರ ಬಂದಿಲ್ಲ.

ಈಗ ನಿಮ್ಮ ಗಿರಣಿಯ ಹಮಾಲರೊಬ್ಬರನ್ನು ಮನಸ್ಸಿನಲ್ಲಿಯೇ ನೂರು ಪಟ್ಟು ಕುಗ್ಗಿಸಿ ನೋಡೋಣ. ಐದೂವರೆ ಅಡಿ ಎತ್ತರದ ದೇಹ ಒಂದೂಮುಕ್ಕಾಲು ಸೆಂಟಿಮೀಟರಿಗಿಂತ ತುಸು ಕಡಿಮೆಗೆ ಇಳಿಯುತ್ತದೆ. ಎತ್ತರ ನೂರು ಪಟ್ಟು ಕುಗ್ಗಿದರೆ ತೂಕ ಹತ್ತು ಲಕ್ಷ ಪಟ್ಟು ಕುಗ್ಗುತ್ತದೆ, ಹಾಗಾಗಿ 55 ಕಿಲೋ ಇದ್ದವರು 55 ಮಿಲಿಗ್ರಾಂ ಆಗುತ್ತಾರೆ. ಆದರೆ ಸ್ನಾಯುವಿನ ಮುಖ ಕುಗ್ಗಿದ್ದು ಹತ್ತು ಸಾವಿರ ಪಟ್ಟು ಮಾತ್ರ. ಆದ್ದರಿಂದ 75 ಕಿಲೋ ಹೊರುತ್ತಿದ್ದವರು ಈಗ ಏಳೂವರೆ ಗ್ರಾಂ ಹೊರಬಲ್ಲರು. ಏಳೂವರೆ ಗ್ರಾಂ ಎಂದರೆ 55 ಮಿಲಿಗ್ರಾಂನ ಸುಮಾರು 136 ಪಟ್ಟು! ಇನ್ನು ಇರುವೆಯನ್ನು ಹಿಗ್ಗಿಸಿ. ಅರ್ಧ ಸೆಂಟಿಮೀಟರ್ ಉದ್ದದ, 3 ಮಿಲಿಗ್ರಾಂ ತೂಗುವ ಇರುವೆಯೊಂದು 30 ಮಿಲಿಗ್ರಾಂ ತೂಗುವ ಜೋಳದ ಕಾಳನ್ನು ಕಚ್ಚಿ ಎತ್ತಿಕೊಂಡು ಹೋಗುತ್ತಿದೆ ಎನ್ನಿ. ಅದನ್ನು ನೂರು ಪಟ್ಟು ಹಿಗ್ಗಿಸಿದರೆ ಅರ್ಧ ಮೀಟರ್ ಉದ್ದದ, 3 ಕಿಲೋ ತೂಕದ ಪ್ರಾಣಿಯಾಗುತ್ತದೆ, ಅದು ಎತ್ತಬಲ್ಲ ಭಾರ 300 ಗ್ರಾಂ. ತನ್ನ ತೂಕದ ಹತ್ತನೇ ಒಂದು ಭಾಗ. ವಾಸ್ತವದಲ್ಲಿ ಅಷ್ಟೂ ಆಗಲಾರದು, ಏಕೆಂದರೆ ಆ ಸಪೂರ ಕಾಲುಗಳಿಗೆ ಮೈಯನ್ನು ನಿಲ್ಲಿಸುವುದೇ ಕಷ್ಟವಾಗುತ್ತದೆ, ಮೈಯೊಳಗಿನ ಸಣ್ಣ ಗಾಳಿಕೊಳವೆಗಳ ಮೂಲಕ ಉಸಿರಾಡುವ ಕೀಟದ ವ್ಯವಸ್ಥೆಯೂ ಅಷ್ಟು ದೊಡ್ಡ ದೇಹಕ್ಕೆ ಸಾಲುವುದಿಲ್ಲ. ಹೀಗೆ ಅಳತೆಯನ್ನು ಸಮಗೊಳಿಸಿ ನೋಡಿದಾಗ ನಿಮ್ಮ ಹಮಾಲರು ಇರುವೆಗಿಂತ ಬಲಶಾಲಿಗಳು. ಇರುವೆಗೆ ಒದಗಿರುವುದು ಚಿಕ್ಕದಾಗಿರುವುದರ ಲಾಭ.

ಇರುವೆ ನಿಜಕ್ಕೂ ಎಷ್ಟು ಎತ್ತುತ್ತದೆ ಎಂಬುದನ್ನು ನಿಮ್ಮ ಮಗಳೇ ಅಳೆಯಬಹುದು, ಮತ್ತು ಅಳೆಯಬೇಕೆಂದು ನನ್ನ ಅಪೇಕ್ಷೆ. ಚಿಕ್ಕವನಿದ್ದಾಗ ಸುಗ್ಗಿಯ ಕಾಲದಲ್ಲಿ ನಮ್ಮ ಕಣದ ಅಂಚಿನಿಂದ ಇರುವೆಗಳು ಒಂದೊಂದೇ ಕಾಳು ಕಚ್ಚಿಕೊಂಡು ತಮ್ಮ ಗೂಡಿನತ್ತ ಸಾಲು ಹೋಗುವುದನ್ನು ನಾನು ಗಂಟೆಗಟ್ಟಲೆ ನೋಡುತ್ತ ಕೂತದ್ದುಂಟು. ಅದು ಎಷ್ಟು ಭಾರ ಎಂದು ಕೇಳುವ ಬುದ್ಧಿ ನನಗೆ ಬಹಳ ತಡವಾಗಿ ಬಂತು. ಒಂದು ಇರುವೆಯನ್ನು ತೂಗುವುದು ಕಷ್ಟ. ಸತ್ತು ಬಿದ್ದ, ಒಂದೇ ಜಾತಿಯ ನೂರು ಇರುವೆಗಳನ್ನು ಕೂಡಿಸಿ, ಬಂಗಾರದ ಅಂಗಡಿಯ ಮಿಲಿಗ್ರಾಂ ತಕ್ಕಡಿಯಲ್ಲಿ ತೂಗಿ ನೂರರಿಂದ ಭಾಗಿಸಿದರೆ ಸಾಕು. ಸತ್ತ ಇರುವೆ ಒಣಗಿ ಹಗುರವಾಗುವುದರಿಂದ ತಡಮಾಡದೆ ತೂಗಬೇಕು. ಹಾಗೆಯೇ ನವಣೆ, ಸಜ್ಜೆ, ಜೋಳದ ನೂರು ನೂರು ಕಾಳುಗಳನ್ನೂ ತೂಗಿ ಬರೆದಿಟ್ಟುಕೊಳ್ಳಲಿ. ಸಾವಿರ ಜೋಳದ ಕಾಳು ಸಾಧಾರಣವಾಗಿ 25ರಿಂದ 35 ಗ್ರಾಂ ತೂಗುತ್ತದೆ. ನಂತರ ಇರುವೆಯ ದಾರಿಯ ಬದಿಯಲ್ಲಿ ಕಾಳುಗಳನ್ನಿಟ್ಟು, ಯಾವುದನ್ನು ನೆಲದಿಂದ ಮೇಲೆತ್ತಿ ಒಯ್ಯುತ್ತದೆ, ಯಾವುದನ್ನು ಹಿಂದೆ ಹಿಂದೆ ಸರಿಯುತ್ತ ಎಳೆಯುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಬರೆಯಲಿ. ಎತ್ತುವುದು ನಿಂತು ಎಳೆಯುವುದು ಶುರುವಾಗುವ ಆ ಗಡಿಯೇ ಇರುವೆ ಎತ್ತಬಲ್ಲ ಭಾರ.

ಪುಸ್ತಕದ ಐವತ್ತು ಪಟ್ಟು ಎಂಬ ಅಂಕಿ ಎಲ್ಲ ಇರುವೆಗೂ ಅನ್ವಯಿಸುವ ಸತ್ಯವಲ್ಲ, ಜಾತಿ, ಗಾತ್ರ, ಹಿಡಿತಕ್ಕೆ ತಕ್ಕಂತೆ ಅದು ಬಹಳ ಬದಲಾಗುತ್ತದೆ. ಮಾವಿನ ಮರದಲ್ಲಿ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆಯೊಂದು ಗಾಜಿನ ಹಲಗೆಗೆ ತಲೆಕೆಳಗಾಗಿ ಅಂಟಿಕೊಂಡು, ತನ್ನ ತೂಕದ ಸುಮಾರು ನೂರು ಪಟ್ಟು ಭಾರವನ್ನು ದವಡೆಯಲ್ಲಿ ಹಿಡಿದ ಚಿತ್ರವನ್ನು ಕೇಂಬ್ರಿಜ್‌ನ ವಿಜ್ಞಾನಿಯೊಬ್ಬರು 2010ರ ಸುಮಾರಿಗೆ ಪ್ರಕಟಿಸಿದರು. ಅದು ತಡೆದು ನಿಲ್ಲುವ ಬಲ, ಪಾದದ ಅಂಟಿನ ಹೆಚ್ಚುಗಾರಿಕೆ. 2014ರಲ್ಲಿ ಅಮೆರಿಕದ ಓಹಿಯೊ ರಾಜ್ಯ ವಿಶ್ವವಿದ್ಯಾಲಯದ ಎಂಜಿನಿಯರುಗಳು ಒಂದು ಜಾತಿಯ ಇರುವೆಯ ಕುತ್ತಿಗೆ, ಇರುವೆಯ ತೂಕದ ಸುಮಾರು ಐದು ಸಾವಿರ ಪಟ್ಟಿನವರೆಗೆ ಎಳೆತ ತಾಳುತ್ತದೆ ಎಂದು ಕಂಡರು. ಆ ಪ್ರಯೋಗದಲ್ಲಿ ಪ್ರಜ್ಞೆ ತಪ್ಪಿಸಿದ ಇರುವೆಯ ತಲೆಯನ್ನು ಅಂಟಿಸಿ ಯಂತ್ರದಲ್ಲಿ ಗರಗರನೆ ತಿರುಗಿಸಿದ್ದರು. ಇರುವೆ ಏನನ್ನೂ ಎತ್ತಿರಲಿಲ್ಲ. ಕುತ್ತಿಗೆ ಹರಿಯದೆ ಉಳಿಯುವುದು ಬೇರೆ, ಭಾರ ಎತ್ತುವುದು ಬೇರೆ ಎಂಬುದನ್ನು ಅದನ್ನು ವರದಿ ಮಾಡಿದ ಹಲವರು ಮರೆತರು.

ಸಗಣಿ ಜೀರುಂಡೆಯ ಒಂದು ಜಾತಿ ತನ್ನ ತೂಕದ 1,141 ಪಟ್ಟು ಬಲದಿಂದ ಎಳೆದದ್ದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ. ಸಗಣಿಯ ಅಡಿಯ ಸುರಂಗದಲ್ಲಿ ಕೊಂಬುಳ್ಳ ಗಂಡುಗಳು ಹೆಣ್ಣಿಗಾಗಿ ಒಂದನ್ನೊಂದು ತಳ್ಳಿ ಹೊರಹಾಕುವುದರಿಂದ ಅವುಗಳಿಗೆ ಈ ಬಲ ಬೇಕು. ಮಣ್ಣಿನಲ್ಲಿ ಬದುಕುವ, ಒಂದು ಗ್ರಾಮಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ತೂಗುವ ನುಸಿಯೊಂದು ತನ್ನ ಉಗುರಿನ ಹಿಡಿತದಿಂದ 1,180 ಪಟ್ಟು ಬಲವನ್ನು ತಡೆದದ್ದು 2007ರ ದಾಖಲೆ. ಇವೆರಡೂ ಎಳೆತ ಮತ್ತು ಹಿಡಿತದ ಅಳತೆಗಳು. ನನಗೆ ಇವೆಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾದದ್ದು, ತೆಂಗಿನ ತೋಟವನ್ನು ಹಾಳುಮಾಡುವ ಕುರುವಾಯಿ ದುಂಬಿಯ ಬಳಗಕ್ಕೆ ಸೇರಿದ, ಕೊಂಬಿರುವ ದುಂಬಿಯ ಮೇಲೆ ರೋಜರ್ ಕ್ರಾಮ್ ಎಂಬವರು ಮಾಡಿ 1996ರಲ್ಲಿ ಪ್ರಕಟಿಸಿದ ಪ್ರಯೋಗ. ಈ ದುಂಬಿ 850 ಪಟ್ಟು ಹೊರುತ್ತದೆ ಎಂಬ ಮಾತು ಎಲ್ಲೆಡೆ ಹರಡಿದೆ. ಕ್ರಾಮ್ ಅದರ ಬೆನ್ನಿಗೆ ತೂಕ ಕಟ್ಟಿ ನಡೆಸಿದಾಗ, ಅದು ತನ್ನ ತೂಕದ ಸುಮಾರು ಮೂವತ್ತು ಪಟ್ಟು ಭಾರ ಹೊತ್ತು ನಡೆಯಿತು. ಅಂಕಿ ಇಳಿಯಿತು, ಆದರೆ ಜೊತೆಗೆ ಇನ್ನೊಂದು ವಿಷಯ ಬೆಳಕಿಗೆ ಬಂತು: ತನ್ನ ಮೈಯ ಒಂದು ಗ್ರಾಂ ಸಾಗಿಸಲು ದುಂಬಿಗೆ ಬೇಕಾಗುವ ಶಕ್ತಿಯ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ ಶಕ್ತಿಯಲ್ಲಿ ಅದು ಹೊರೆಯ ಒಂದು ಗ್ರಾಂ ಸಾಗಿಸುತ್ತಿತ್ತು. ಇದು ಹೇಗೆ ಎಂಬುದು ಸ್ನಾಯುವಿನ ಬಲದ ಲೆಕ್ಕಕ್ಕೆ ಸಿಗದ, ನಿಜವಾದ ಒಗಟು.

ಮನುಷ್ಯರಲ್ಲಿಯೂ ಇದೇ ನಿಯಮ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಭಾರ ಎತ್ತುವ ಸ್ಪರ್ಧೆಗಳ ದಾಖಲೆಗಿಂತ ಒಳ್ಳೆಯ ಸಾಕ್ಷ್ಯವಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 60 ಕಿಲೋ ವರ್ಗದಲ್ಲಿ ಟರ್ಕಿಯ ನಯೀಮ್ ಸುಲೇಮಾನೊಗ್ಲು ಕ್ಲೀನ್ ಅಂಡ್ ಜರ್ಕ್‌ನಲ್ಲಿ, ಅಂದರೆ ಭಾರವನ್ನು ಮೊದಲು ಭುಜಕ್ಕೆ ತಂದು ಅಲ್ಲಿಂದ ತಲೆಯ ಮೇಲಕ್ಕೆ ಎತ್ತುವ ವಿಧಾನದಲ್ಲಿ, 190 ಕಿಲೋ ಎತ್ತಿದರು, ತಮ್ಮ ತೂಕದ ಮೂರು ಪಟ್ಟಿಗೂ ಮೇಲೆ. ನಮ್ಮ ಮೀರಾಬಾಯಿ ಚಾನು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ 49 ಕಿಲೋ ವರ್ಗದಲ್ಲಿ ಇದೇ ವಿಧಾನದಲ್ಲಿ 115 ಕಿಲೋ ಎತ್ತಿದರು, ಅದು ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. ಕುಂದಾಪುರ ಕಡೆಯ ನಮ್ಮ ಗುರುರಾಜ ಪೂಜಾರಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 61 ಕಿಲೋ ವರ್ಗದಲ್ಲಿ 151 ಕಿಲೋ ಎತ್ತಿ ಕಂಚು ತಂದರು, ಅದು ಹತ್ತಿರಹತ್ತಿರ ಎರಡೂವರೆ ಪಟ್ಟು. ಇನ್ನೊಂದು ತುದಿಯಲ್ಲಿ ಜಾರ್ಜಿಯಾದ ಲಾಶಾ ತಾಲಖಾಡ್ಜೆ 2021ರಲ್ಲಿ 267 ಕಿಲೋ ಎತ್ತಿ ವಿಶ್ವದಾಖಲೆ ಮಾಡಿದರು. ಅವರಿಗಿಂತ ಹೆಚ್ಚು ಭಾರವನ್ನು ಆ ವಿಧಾನದಲ್ಲಿ ಸ್ಪರ್ಧೆಯಲ್ಲಿ ಎತ್ತಿದವರಿಲ್ಲ. ಆದರೂ ಅವರ ಮೈತೂಕ 170 ಕಿಲೋ ದಾಟಿದ್ದರಿಂದ ಪಟ್ಟಿನ ಲೆಕ್ಕದಲ್ಲಿ ಅದು ಒಂದೂವರೆ ಮಾತ್ರ. ಹಾಗಾದರೆ ಹೆಚ್ಚು ಬಲಶಾಲಿ ಯಾರು? ಎಷ್ಟು ಪಟ್ಟು ಎಂಬುದನ್ನು ಬಲದ ಅಳತೆಗೋಲು ಮಾಡಿಕೊಂಡರೆ ದೊಡ್ಡ ಮೈಯವರಿಗೆ ಯಾವಾಗಲೂ ಅನ್ಯಾಯವಾಗುತ್ತದೆ, ಎಷ್ಟು ಕಿಲೋ ಎಂಬುದನ್ನು ಮಾಡಿಕೊಂಡರೆ ಚಿಕ್ಕ ಮೈಯವರಿಗೆ. ಸ್ಪರ್ಧೆಗಳಲ್ಲಿ ತೂಕದ ವರ್ಗಗಳನ್ನು ಮಾಡಿರುವುದು ಇದಕ್ಕಾಗಿಯೇ.

ಇನ್ನು ಆನೆ. ಮೈಸೂರು ದಸರೆಯಲ್ಲಿ ಜಂಬೂ ಸವಾರಿಯ ಆನೆ ಹೊರುವ ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋ ಎಂದು ನಾವೆಲ್ಲ ಕೇಳಿ ಬೆರಗಾಗಿದ್ದೇವೆ. ಅದನ್ನು ಹೊರುವ ಆನೆ ಐದು ಟನ್ನಿನ ಆಸುಪಾಸು ತೂಗುತ್ತದೆ, ಆದ್ದರಿಂದ ಅಂಬಾರಿ ಅದರ ತೂಕದ ಏಳನೇ ಒಂದು ಭಾಗದಷ್ಟು. ಅಷ್ಟಕ್ಕೇ ವಾರಗಟ್ಟಲೆ ಮರಳು ಮೂಟೆ ಹೊರಿಸಿ ತಾಲೀಮು ಕೊಡಬೇಕಾಗುತ್ತದೆ. ಆನೆಯ ಕಾಲುಗಳು ಕಂಬದಂತೆ ನೆಟ್ಟಗೆ, ದಪ್ಪಗೆ ಇರುವುದು ಸ್ವಂತ ಮೈಯನ್ನು ಹೊರುವುದಕ್ಕೇ ಅವುಗಳ ಬಹುಪಾಲು ಬಲ ವ್ಯಯವಾಗುತ್ತಿದೆ ಎಂಬುದರ ಗುರುತು. ಎರಡು ಕಾಲ ಮೇಲೆ 55 ಕಿಲೋ ದೇಹವನ್ನೂ 75 ಕಿಲೋ ಚೀಲವನ್ನೂ ಹೊರುವವರ ಮುಂದೆ ಆನೆಯ ಬಲ ಪಟ್ಟಿನ ಲೆಕ್ಕದಲ್ಲಿ ಚಿಕ್ಕದು.

ಎಳೆಯುವ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಗಳಿಗೆ ಹೇಳಿಕೊಳ್ಳುವಂಥದ್ದು ಬೇಕಾದಷ್ಟಿದೆ. ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ಎತ್ತುಗಳು ಟನ್ನುಗಟ್ಟಲೆ ತೂಕದ ಕಲ್ಲು ಎಳೆಯುವ ಸ್ಪರ್ಧೆಯನ್ನು ನೋಡಿದವರಿಗೆ, ಜೋಡೆತ್ತಿನ ತೂಕಕ್ಕಿಂತ ಕಲ್ಲಿನ ತೂಕ ಹೆಚ್ಚೆಂಬುದು ಕಣ್ಣಿಗೇ ಕಾಣುತ್ತದೆ. ಕಲ್ಲು ಎರಡು ಟನ್ ಇದೆ, ನೆಲದ ಘರ್ಷಣೆ ಅದರ ತೂಕದ ಅರ್ಧದಷ್ಟಿದೆ ಎಂದು ಹಿಡಿದರೆ, ಎತ್ತುಗಳು ಗೆಲ್ಲಬೇಕಾದ ಬಲ ಒಂದು ಟನ್ನಿನಷ್ಟು, ಅಂದರೆ ದೊಡ್ಡ ಜೋಡಿಯೊಂದರ ಸ್ವಂತ ತೂಕದಷ್ಟು. ಕೆಲವು ನಿಮಿಷಕ್ಕೆ ಇದು ಆದೀತು. ದಿನವಿಡೀ ಹೊಲ ಉಳುವಾಗ ಎತ್ತು ತನ್ನ ತೂಕದ ಹತ್ತನೇ ಒಂದು ಭಾಗಕ್ಕಿಂತ ಬಹಳ ಹೆಚ್ಚು ಬಲದಿಂದ ಎಳೆಯಲಾರದು. ಎತ್ತು ಸಾಕಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ರಾಯಚೂರಿನ ಕೋಟೆಗೆ ಹೋದಾಗ ನಿಮ್ಮ ಮಗಳಿಗೆ ಗೋಡೆಯಲ್ಲಿರುವ, ನಲವತ್ತು ಅಡಿಗೂ ಉದ್ದವಾದ ಶಾಸನದ ಬಂಡೆಯನ್ನು ತೋರಿಸಿ. 1294ರಲ್ಲಿ ಕೋಟೆ ಕಟ್ಟಿದ ಸಂಗತಿ ಅದರಲ್ಲಿದೆ. ಆ ಬಂಡೆಯನ್ನು ಗಾಲಿಗಳ ಮೇಲಿರಿಸಿ, ಜಾನುವಾರುಗಳ ಉದ್ದ ಸಾಲಿನಿಂದ ಎಳೆಸಿ, ಹಿಂದಿನಿಂದ ಜನ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುತ್ತ ತಂದ ಬಗೆಯನ್ನೂ ಅಲ್ಲಿ ಕೆತ್ತಿದ್ದಾರೆ. ಅಷ್ಟು ಭಾರವನ್ನು ಎತ್ತುವ ಜೀವಿ ಯಾವುದೂ ಇಲ್ಲ, ಗಾಲಿಯ ಮೇಲಿಟ್ಟು ಎಳೆದರೆ ಸಾಗುತ್ತದೆ ಎಂಬುದು ಆ ಕಾಲದವರಿಗೆ ಕೈಯಾರೆ ಗೊತ್ತಿತ್ತು.

ಹಾರುವ ಪ್ರಾಣಿಗಳ ಬಗ್ಗೆ ಒಂದು ಮಾತು ಸಾಕು. ಹಾರುವುದೆಂದರೆ ಮೊದಲು ತನ್ನ ಇಡೀ ತೂಕವನ್ನು ಗಾಳಿಯಲ್ಲಿ ಎತ್ತಿ ಹಿಡಿಯುವುದು, ಉಳಿದ ಬಲ ಮಾತ್ರ ಹೊರೆಗೆ. ಅದರಿಂದಲೇ ಹದ್ದು, ಗಿಡುಗಗಳು ತಮ್ಮ ತೂಕಕ್ಕಿಂತ ಬಹಳ ಕಡಿಮೆ ತೂಕದ ಬೇಟೆಯನ್ನೇ ಒಯ್ಯುತ್ತವೆ.

ಜೀವಿ ಎಂದರೆ ಪ್ರಾಣಿ ಮಾತ್ರ ಅಲ್ಲವಲ್ಲ. ಹಂಪಿ, ಆನೆಗೊಂದಿಗಳ ಹಳೆಯ ಕಟ್ಟಡಗಳ ಸಂದಿಯಲ್ಲಿ ಹುಟ್ಟಿದ ಅರಳಿಯ ಸಸಿ ಕಾಲಕ್ರಮದಲ್ಲಿ ತನಗಿಂತ ಎಷ್ಟೋ ಭಾರವಾದ ಕಲ್ಲುಗಳನ್ನು ಸರಿಸಿಬಿಡುತ್ತದೆ. ಬೇರಿನ ಜೀವಕೋಶಗಳು ನೀರು ಹೀರಿ ಬಿಗಿದಾಗ ಅವು ಒತ್ತುವ ಬಲ ಚದರ ಸೆಂಟಿಮೀಟರಿಗೆ 5ರಿಂದ 10 ಕಿಲೋ ತನಕ ಇರಬಲ್ಲದು. ಸ್ನಾಯುವಿನ 2ರಿಂದ 3 ಕಿಲೋದೊಂದಿಗೆ ಇದನ್ನು ಹೋಲಿಸಿ. ಸ್ನಾಯು ದಣಿಯುತ್ತದೆ, ಬೇರು ವರ್ಷಗಟ್ಟಲೆ ಒತ್ತುತ್ತಲೇ ಇರುತ್ತದೆ. ಕೊಪ್ಪಳ, ಕುಷ್ಟಗಿ ಕಡೆಯ ಕೆಂಪು ನೆಲದಲ್ಲಿ ಸಜ್ಜೆ ಬಿತ್ತಿದ ಮೇಲೆ ಬಿರುಸಾದ ಮಳೆ ಬಂದು ಬಿಸಿಲು ಕಾದರೆ ಮಣ್ಣಿನ ಮೇಲ್ಪದರ ಬಿಲ್ಲೆಯಂತೆ ಗಟ್ಟಿಯಾಗುತ್ತದೆ. ಒಂಟಿ ಮೊಳಕೆ ಅದರಡಿ ಸುರುಳಿ ಸುತ್ತಿ ಸಾಯುತ್ತದೆ. ನಾಲ್ಕಾರು ಮೊಳಕೆಗಳು ಒಂದೆಡೆ ಇದ್ದರೆ ಎಲ್ಲ ಸೇರಿ ಆ ಬಿಲ್ಲೆಯನ್ನೇ ಎತ್ತಿ ಹೊರಬರುತ್ತವೆ. ತೂಕದ ಲೆಕ್ಕದಲ್ಲಿ ನೋಡಿದರೆ ಇರುವೆಯ ಕೆಲಸ ಇದರ ಮುಂದೆ ಸಣ್ಣದು.

ಕೊನೆಗೆ ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಬರುತ್ತೇನೆ. ಅದು ನನಗೆ ಮೊದಲ ಭಾಗಕ್ಕಿಂತ ಮುಖ್ಯವಾಗಿ ಕಂಡಿದೆ. ಮನುಷ್ಯರು ತಮ್ಮ ತೂಕ ಮೀರಿದ ಹೊರೆ ಹೊತ್ತು ನಡೆಯಬಲ್ಲರು. ನೇಪಾಳದ ಹೊರೆಯಾಳುಗಳನ್ನು ಎವರೆಸ್ಟ್ ಕಡೆಯ ನಾಮ್ಚೆ ಬಜಾರ್ ಎಂಬ ಊರಿನ ದಾರಿಯಲ್ಲಿ ತೂಗಿ ನೋಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರ ಸರಾಸರಿ ಹೊರೆ ಅವರ ತೂಕದ ಶೇಕಡಾ 93ರಷ್ಟಿತ್ತು, ಅತಿ ಹೆಚ್ಚೆಂದರೆ ಶೇಕಡಾ 183. ಅವರು ನಿಧಾನವಾಗಿ ನಡೆದು, ಪದೇ ಪದೇ ನಿಂತು ದಣಿವಾರಿಸಿಕೊಂಡು ಹಲವು ದಿನಗಳ ದಾರಿ ಸಾಗುತ್ತಾರೆ. ನಿಮ್ಮ ಹಮಾಲರನ್ನೂ ಗಮನಿಸಿ, ಅವರು ಚೀಲವನ್ನು ಒಬ್ಬರೇ ನೆಲದಿಂದ ಎತ್ತುವುದಿಲ್ಲ. ಇಬ್ಬರು ಚೀಲದ ಮೂಲೆ ಹಿಡಿದು ಎತ್ತಿ ಮೂರನೆಯವರ ಬೆನ್ನಿಗೆ ಕೊಡುತ್ತಾರೆ, ಇಲ್ಲವೇ ಲಾರಿಯ ಮೇಲಿಂದ ನೇರವಾಗಿ ಬೆನ್ನಿಗೆ ಜಾರಿಸುತ್ತಾರೆ. ಅವರು ಮಾಡುವುದು ಹೊರುವ ಕೆಲಸ, ಎತ್ತುವ ಕೆಲಸವಲ್ಲ. ಪೀಳಿಗೆಗಳಿಂದ ಬಂದ ಈ ಪದ್ಧತಿಯ ಹಿಂದೆ ಖಚಿತವಾದ ದೇಹವಿಜ್ಞಾನವಿದೆ.

ನಮ್ಮ ಸ್ನಾಯುಗಳಲ್ಲಿ ಬಹುಪಾಲು ತೊಡಕಿನ ಸನ್ನೆಗೋಲಿನ ಮೇಲೆ ಕೆಲಸ ಮಾಡುತ್ತವೆ. ಮೊಣಕೈ ಮಡಿಸುವ ಸ್ನಾಯು ಕೀಲಿನಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ ಎಲುಬಿಗೆ ಸೇರುತ್ತದೆ, ಅಂಗೈಯ ಭಾರ 32 ಸೆಂಟಿಮೀಟರ್ ದೂರದಲ್ಲಿರುತ್ತದೆ. ಹಾಗಾಗಿ 10 ಕಿಲೋ ಹಿಡಿಯಲು ಸ್ನಾಯು 80 ಕಿಲೋದಷ್ಟು ಎಳೆಯಬೇಕು. ಬೆನ್ನಿನಲ್ಲಿ ಇದು ಇನ್ನೂ ಕಠಿಣ. ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯ ಡಿಸ್ಕ್ ಎಂಬ ಮೆತ್ತೆಗಳ ನಡುಭಾಗದಿಂದ ಸುಮಾರು 5 ಸೆಂಟಿಮೀಟರ್ ಹಿಂದಿವೆ. ಸೊಂಟ ಬಗ್ಗಿಸಿ, ಕೈಚಾಚಿ, 40 ಸೆಂಟಿಮೀಟರ್ ಮುಂದಿರುವ 75 ಕಿಲೋ ಚೀಲವನ್ನು ಒಬ್ಬರೇ ಎತ್ತಿದರೆ ಆ ಸ್ನಾಯುಗಳು ಎಂಟು ಪಟ್ಟು, ಅಂದರೆ 600 ಕಿಲೋ ಬಲದಿಂದ ಎಳೆಯಬೇಕಾಗುತ್ತದೆ. ಸೊಂಟದ ಡಿಸ್ಕ್ ಮೇಲೆ ಅದೂ, ಚೀಲದ ತೂಕವೂ, ಸೊಂಟದ ಮೇಲಿನ ಮೈಯ ತೂಕವೂ ಒಟ್ಟಿಗೆ ಬೀಳುತ್ತವೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ಕೆಲಸಗಾರರ ಡಿಸ್ಕ್ ಮೇಲೆ ಸುಮಾರು 350 ಕಿಲೋಗಿಂತ ಹೆಚ್ಚು ಒತ್ತಡ ಬೀಳಬಾರದು ಎಂದು ಹೇಳುತ್ತದೆ, ಎಲ್ಲ ಅನುಕೂಲಗಳಿದ್ದರೂ ಒಬ್ಬರು ಕೈಯಿಂದ ಎತ್ತುವ ಭಾರ 23 ಕಿಲೋ ಮೀರದಿರಲಿ ಎನ್ನುತ್ತದೆ. ಅದೇ ಚೀಲ ಬೆನ್ನಿನ ಮೇಲ್ಭಾಗದಲ್ಲಿ, ಬೆನ್ನುಮೂಳೆಯ ನೇರಕ್ಕೆ ಕೂತರೆ ಸನ್ನೆಗೋಲಿನ ಉದ್ದ ಕೆಲವೇ ಸೆಂಟಿಮೀಟರಿಗೆ ಇಳಿದು, ಒತ್ತಡ ಬಹಳಷ್ಟು ತಗ್ಗುತ್ತದೆ.

ತಗ್ಗುತ್ತದೆ ಎಂದೆ, ಇಲ್ಲವಾಗುತ್ತದೆ ಎನ್ನಲಿಲ್ಲ. ದಿನಕ್ಕೆ ನೂರಾರು ಸಲ, ಹತ್ತಿಪ್ಪತ್ತು ವರ್ಷ ಮೈತೂಕ ಮೀರಿದ ಚೀಲ ಹೊತ್ತವರಲ್ಲಿ ಸೊಂಟನೋವು, ಡಿಸ್ಕ್ ಸವೆತ, ಮೊಣಕಾಲಿನ ಸವೆತ ಕಾಣಿಸಿಕೊಳ್ಳುವುದು ಅನಿರೀಕ್ಷಿತವಲ್ಲ. ಸ್ನಾಯುವಿಗೆ ವಿಶ್ರಾಂತಿ, ಆಹಾರ ಸಿಕ್ಕರೆ ಅದು ಬಲಗೊಳ್ಳುತ್ತದೆ. ಸ್ವಂತ ರಕ್ತನಾಳಗಳಿಲ್ಲದ ಡಿಸ್ಕ್ ಹಾಗೆ ಚೇತರಿಸಿಕೊಳ್ಳುವುದಿಲ್ಲ. ಇರುವೆ ತನ್ನ ಕಾಳು ಹೊತ್ತಷ್ಟೇ ನಿಶ್ಚಿಂತೆಯಿಂದ ಮನುಷ್ಯರು ಚೀಲ ಹೊರುತ್ತಾರೆ ಎಂದು ನಾವು ಭಾವಿಸಬಾರದು. 1967ರಲ್ಲಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ವಯಸ್ಕ ಗಂಡಾಳು ಕೈಯಿಂದ ಸಾಗಿಸುವ ಭಾರಕ್ಕೆ 55 ಕಿಲೋ ಮಿತಿಯನ್ನು ಶಿಫಾರಸು ಮಾಡಿದೆ. ನೀವು ಲೆಕ್ಕ ಬರೆಯುವವರಾದ್ದರಿಂದ, ಭತ್ತವನ್ನು 75 ಕಿಲೋ ಬದಲು 50 ಕಿಲೋ ಚೀಲಗಳಲ್ಲಿ ತುಂಬಿಸುವ ಮಾತನ್ನು ಮಾಲೀಕರ ಬಳಿ ಎತ್ತುವುದು ನಿಮ್ಮಿಂದ ಸಾಧ್ಯವಾದೀತು. ಹಮಾಲಿಯನ್ನು ಚೀಲದ ಲೆಕ್ಕಕ್ಕೆ ಬದಲಾಗಿ ಕ್ವಿಂಟಲ್ ಲೆಕ್ಕದಲ್ಲಿ ಕಟ್ಟಿದರೆ ಅವರ ದುಡಿಮೆಗೆ ನಷ್ಟವಾಗುವುದಿಲ್ಲ.

ಅಲ್ಲಿಯವರೆಗೆ, ಚೀಲವನ್ನು ಯಾವಾಗಲೂ ಇಬ್ಬರು ಎತ್ತಿಕೊಡಲಿ, ಹೊತ್ತವರು ಹೊರೆಯೊಂದಿಗೆ ಸೊಂಟ ತಿರುಚದೆ ಕಾಲು ತಿರುಗಿಸಿ ದಿಕ್ಕು ಬದಲಿಸಲಿ, ಚೀಲಗಳ ಅಟ್ಟಿ ಹತ್ತುವ ಹಲಗೆ ಗಟ್ಟಿಯಾಗಿರಲಿ, ಜಾರದಿರಲಿ. ಸೊಂಟನೋವಿನ ಜೊತೆಗೆ ಒಂದು ಕಾಲಿಗೆ ಜೋಮು ಹಿಡಿಯುವುದು, ಪಾದ ಎತ್ತಲಾಗದಿರುವುದು ಕಂಡರೆ ಕೆಲಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು; ಮೂತ್ರ ಕಟ್ಟಿದರೆ ಅಥವಾ ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಂತಾದರೆ ಮರುದಿನಕ್ಕೆ ಕಾಯದೆ ಆಗಲೇ ಜಿಲ್ಲಾಸ್ಪತ್ರೆಗೆ ಕರೆದೊಯ್ಯಬೇಕು.